ಆಮೆ ಎಷ್ಟು ತಿರುಗಬೇಕು?

ಮಗುವಿಗೆ ಮೊದಲು ಯಾವ ಭಾಷೆ ಕಲಿಸಬೇಕು, ಪೈಥಾನೋ ಜಾವಾವೋ? ಪ್ರೋಗ್ರಾಮಿಂಗ್ ತರಗತಿಗೆ ಶುಲ್ಕ ಕಟ್ಟಲು ಹೊರಟ ಪಾಲಕರ ಮೊದಲ ಪ್ರಶ್ನೆ ಇದು. 6ರಿಂದ 8ನೇ ತರಗತಿಯ ಹಂತದಲ್ಲೇ ಕೋಡಿಂಗ್ ಚಟುವಟಿಕೆಗಳು ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ ಮೇಲಂತೂ ಈ ಪ್ರಶ್ನೆಗೆ ಅವಸರ ಹತ್ತಿಕೊಂಡಿದೆ. ಆದರೆ ಭಾಷೆಯ ಸರದಿ ಬರುವುದು ಆಮೇಲೆ. ತನಗೆ ಗೊತ್ತಿರುವ ಕೆಲಸವನ್ನು ಏನೂ ಗೊತ್ತಿಲ್ಲದ ಯಂತ್ರಕ್ಕೆ ಬಿಡಿಸಿ ಹೇಳುವುದನ್ನು ಮಗು ಮೊದಲು ಕಲಿಯಬೇಕು.

ಅದಕ್ಕೆಂದೇ ಹುಟ್ಟಿದ್ದು ಲೋಗೋ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೆಮೋರ್ ಪ್ಯಾಪರ್ಟ್, ವಾಲಿ ಫ್ಯೂರ್‌ಜೈಗ್, ಸಿಂಥಿಯಾ ಸೊಲೊಮನ್ ಮೊದಲಾದವರು ಮಕ್ಕಳಿಗಾಗಿ ರೂಪಿಸಿದ ಭಾಷೆ ಇದು. ಕೆಲ ವರ್ಷಗಳಲ್ಲೇ ಅದಕ್ಕೊಂದು ಆಮೆ ಜೊತೆಯಾಯಿತು. ಮೊದಲಿಗೆ ನೆಲದ ಮೇಲೆ ಪೆನ್ನು ಎಳೆಯುತ್ತ ಓಡಾಡುವ ಯಂತ್ರ. ಆಮೇಲೆ ಪರದೆಯ ಮೇಲಿನ ಗುರುತು. ಯು.ಬಿ. ಪವನಜ ಅವರು ಲೋಗೋವನ್ನು ಕನ್ನಡಕ್ಕೂ ತಂದರು.

ಆಮೆಗೆ ‘100 ಹೆಜ್ಜೆ ಮುಂದೆ ಹೋಗು, ಬಲಕ್ಕೆ 90 ಡಿಗ್ರಿ ತಿರುಗು’ ಎಂದು 4 ಸಲ ಹೇಳಿದರೆ ಚೌಕ ಸಿದ್ಧ. ಈಗ ಸಮಬಾಹು ತ್ರಿಭುಜ ಬರೆಸಿ ಎಂದರೆ ಗಣಿತದಲ್ಲಿ ನೂರಕ್ಕೆ ನೂರು ತೆಗೆದವರೂ ಎಡವುತ್ತಾರೆ. ತ್ರಿಭುಜದ ಕೋನ 60 ಡಿಗ್ರಿ ಎಂದು ಪಾಠದಲ್ಲಿದೆಯಲ್ಲ! ಹಾಗಾಗಿ 60 ಡಿಗ್ರಿ ತಿರುಗಲು ಹೇಳಿ, 3 ಸಲ ಮಾಡಿಸುತ್ತಾರೆ. ಆಮೆ ಚಾಚೂ ತಪ್ಪದೆ ಪಾಲಿಸುತ್ತದೆ. ಮೂಡುವುದು ತ್ರಿಭುಜವಲ್ಲ, ಅರ್ಧ ಷಡ್ಭುಜ.

ಎಲ್ಲಿ ತಪ್ಪಿತು? ಮಗುವೇ ಎದ್ದು ನೆಲದ ಮೇಲೆ ತ್ರಿಭುಜ ನಡೆದು ನೋಡಲಿ. ಮೂಲೆಯ ಒಳಗಿನ ಕೋನ 60 ನಿಜ. ಆದರೆ ನಡೆಯುವವರು ಹೊರಳಬೇಕಾದದ್ದು 120. ಒಂದು ಸುತ್ತು ಮುಗಿಸಿ ಹೊರಟ ದಿಕ್ಕಿಗೇ ಮುಖ ಮಾಡಿದರೆ ಒಟ್ಟು ಹೊರಳಿದ್ದು 360. ಅದನ್ನು 3ರಿಂದ ಭಾಗಿಸಿದರೆ 120, ಐದು ಬಾಹುಗಳಾದರೆ 72. ಕೆಂಪು ಶಾಯಿಯ ಗೀಟಿಗಿಂತ ಆ ಅರ್ಧ ಷಡ್ಭುಜ ಹೆಚ್ಚು ಕಲಿಸುತ್ತದೆ. ತಪ್ಪಾಗಿದೆ ಎಂದಷ್ಟೇ ಅಲ್ಲ, ಎಷ್ಟು ತಪ್ಪಾಗಿದೆ ಎಂದೂ ಅದು ತೋರಿಸುತ್ತದೆ.

ಇದೇ ಚೌಕವನ್ನು ಈಗ ಸ್ಕ್ರ್ಯಾಚ್‌ಗೆ ಒಯ್ಯಬೇಕು. ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ಆಜ್ಞೆಗಳನ್ನು ಬರೆಯುವ ಗೋಜಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರಾಯಿತು. (ಇನ್ನೂ ಓದು ಬಾರದ ಪುಟಾಣಿಗಳಿಗೆ 2014ರಲ್ಲಿ ಬಂದ ಸ್ಕ್ರ್ಯಾಚ್‌ಜೂನಿಯರ್ ಇದೆ.) ಇಲ್ಲಿ ಆಮೆಯ ಬದಲು ಬೆಕ್ಕು. ಅದೇ ಚೌಕ ಹೇಳಿಕೊಟ್ಟರೆ ಬೆಕ್ಕು ಇದ್ದಲ್ಲೇ ಒಮ್ಮೆ ಮಿಸುಕಿದಂತೆ ಕಾಣುತ್ತದೆ, ಅಷ್ಟೆ. ಅದು ಚೌಕವನ್ನು ಸುತ್ತಿ ಬಂದದ್ದೇ ಕಣ್ಣಿಗೆ ಬೀಳುವುದಿಲ್ಲ! ಪ್ರತಿ ಹೆಜ್ಜೆಗೂ ಒಂದು ಸೆಕೆಂಡ್ ಕಾಯಿಸಿದಾಗಲೇ ಗುಟ್ಟು ಬಯಲಾಗುವುದು. ಯಂತ್ರದ ವೇಗ ಎಂಥದೆಂದು ಲೋಗೋ ಕಲಿಸದ ಪಾಠ ಇಲ್ಲಿ ಸಿಕ್ಕಿತು.

ಮುಂದಿನದು ಪೈಥಾನ್. 1991ರಲ್ಲಿ ಬಳಕೆಗೆ ಬಂದ, ಇದೂ ಉಚಿತವಾದ ಈ ಭಾಷೆಯ ಜೊತೆಗೇ ಒಂದು ಆಮೆಯೂ ಬರುತ್ತದೆ. ಇಲ್ಲಿ ಎಲ್ಲವನ್ನೂ ಬೆರಳಚ್ಚು ಮಾಡಬೇಕು. ‘ತಿರುಗು’ ಎಂಬ ಸಾಲನ್ನು ‘ಮುಂದೆ ಹೋಗು’ ಸಾಲಿನಂತೆಯೇ ಒಳಕ್ಕೆ ಸರಿಸಿ ಬರೆಯದಿದ್ದರೆ ಆಮೆ 400 ಹೆಜ್ಜೆ ನೆಟ್ಟಗೆ ಹೋಗಿ, ಕೊನೆಗೊಮ್ಮೆ ತಿರುಗಿ ನಿಲ್ಲುತ್ತದೆ. ಸ್ಕ್ರ್ಯಾಚ್‌ನಲ್ಲಿ ‘ಪುನರಾವರ್ತಿಸು’ ಎಂಬ ತುಂಡು ಬಾಯಿ ತೆರೆದು ಉಳಿದವನ್ನು ಒಳಗಿಟ್ಟುಕೊಳ್ಳುವುದನ್ನು ಕಂಡ ಮಗುವಿಗೆ ಇದು ಕೂಡಲೇ ಹೊಳೆಯುತ್ತದೆ. ನೇರವಾಗಿ ಪೈಥಾನ್‌ಗೆ ಇಳಿದವರಿಗೆ ಆ ಖಾಲಿ ಜಾಗ ಬರೀ ಪೀಡೆ.

ಹತ್ತಾರು ಆ್ಯಪ್‌ಗಳನ್ನು ಮೊಬೈಲಿಗೆ ಇಳಿಸಿಕೊಟ್ಟರೆ ಇದು ಸಾಧ್ಯವಾಗದು. ಆಟದ ನೂರು ಹಂತ ದಾಟಿ ಪ್ರಮಾಣಪತ್ರ ಪಡೆದ ಮಗು, ಖಾಲಿ ಪರದೆಯ ಮುಂದೆ ಕೂತು ‘ಈಗೇನು ಮಾಡಲಿ?’ ಎನ್ನುವುದುಂಟು. ಸಾಧನಗಳು ಬದಲಾಗಲಿ, ಸಮಸ್ಯೆ ಮಾತ್ರ ಅದೇ ಇರಲಿ.

ಕಂಪ್ಯೂಟರ್ ಇಲ್ಲದ ಮನೆಯಲ್ಲೂ ಒಂದು ಸಾಧನವಿದೆ. ‘ಸಂದುಚುಕ್ಕಿ, 7ರಿಂದ 4’ ಎಂದರೆ ಸಾಕು, ರಂಗೋಲಿ ಬಲ್ಲ ಅಜ್ಜಿ ನಡುವೆ 7 ಚುಕ್ಕಿಯಿಟ್ಟು, ಎರಡೂ ಬದಿಗೆ ಸಂದಿನಲ್ಲಿ 6, 5, 4 ಎಂದು ಇಳಿಸುತ್ತ 37 ಚುಕ್ಕಿ ಮುಗಿಸುತ್ತಾರೆ. ಆ ಚುಟುಕು ಮಾತನ್ನು ರಂಗೋಲಿಯೇ ಗೊತ್ತಿಲ್ಲದ ಗೆಳೆಯನಿಗೆ ಅರ್ಥವಾಗುವಂತೆ ಮೊಮ್ಮಗು ಕಾಗದದಲ್ಲಿ ಬರೆಯಲಿ. ಗೆಳೆಯ ಇಟ್ಟ ಚುಕ್ಕಿ 37 ಆಗದಿದ್ದರೆ ತಿದ್ದಬೇಕಾದದ್ದು ಕಾಗದವನ್ನು, ಗೆಳೆಯನನ್ನಲ್ಲ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ಆಮೆಯಿಂದ ಐದು ಮೂಲೆಯ ನಕ್ಷತ್ರವನ್ನು ಐದೇ ಗೆರೆಗಳಲ್ಲಿ ಬರೆಸಬೇಕು. ಪ್ರತಿ ಸಲ ಎಷ್ಟು ಡಿಗ್ರಿ ತಿರುಗಬೇಕು? 72 ಅಲ್ಲ. ಹೊರಟ ಜಾಗಕ್ಕೆ ಮರಳುವಷ್ಟರಲ್ಲಿ ಆಮೆ ಒಂದಲ್ಲ, ಎರಡು ಪೂರ್ಣ ಸುತ್ತು ಹೊರಳಿರುತ್ತದೆ ಎಂಬುದೇ ಸುಳಿವು.