ಹಳೆಯ ಮೋಟಾರಿಗೆ ಬೆಚ್ಚನೆಯ ಆಸನ

ಇಂಗ್ಲೆಂಡಿನಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರೊಬ್ಬರ ಪತ್ರ ಈ ವಾರ ನನ್ನ ಮೇಜಿನ ಮೇಲಿದೆ. ಕುಶಲಪ್ರಶ್ನೆಗೆ ಎರಡೇ ಸಾಲು. ಉಳಿದ ನಾಲ್ಕು ಪುಟಗಳೂ ಅವರ ಮೋಟಾರು ಬಂಡಿಯನ್ನು ಕುರಿತವು. 1965ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಎರಡು ಆಸನಗಳ ತೆರೆದ ಬಂಡಿ ಅದು. ನಿವೃತ್ತರಾದ ಮೇಲೆ ಅದನ್ನು ಕೊಂಡು, ಒಂದೊಂದು ತಿರುಪನ್ನೂ ತಾವೇ ಬಿಚ್ಚಿ, ತಿಕ್ಕಿ, ಮರಳಿ ಜೋಡಿಸಿ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ನಿಲ್ಲಿಸಿದ್ದಾರೆ.

ಸಂಕಟವಿರುವುದು ಬೇರೆ ಕಡೆ. ಮೊದಮೊದಲು ಭಾನುವಾರದ ತಿರುಗಾಟಕ್ಕೆ ಉತ್ಸಾಹದಿಂದ ಜೊತೆಯಾಗುತ್ತಿದ್ದ ಅವರ ಶ್ರೀಮತಿಯವರು ಎರಡು ವರ್ಷಗಳಿಂದ, ಸೆಪ್ಟೆಂಬರು ಕಳೆಯಿತೆಂದರೆ, ಆ ಬಂಡಿಯನ್ನು ಹತ್ತುವುದಿಲ್ಲ. ಸೊಂಟದ ನೋವು, ತಣ್ಣಗಿನ ಚರ್ಮದ ಆಸನದಲ್ಲಿ ಅರ್ಧ ಗಂಟೆ ಕುಳಿತರೆ ಎರಡು ದಿನ ಮಲಗಬೇಕಾಗುತ್ತದೆ. "ಆಸನಕ್ಕೆ ವಿದ್ಯುತ್ತಿನ ಶಾಖ ಕೊಡಿಸಬಹುದೆಂದು ಮಗಳು ಹೇಳುತ್ತಾಳೆ. ಹಳೆಯ ಬಂಡಿಗಳ ಮಿತ್ರರೋ, ದೇವರ ವಿಗ್ರಹಕ್ಕೆ ಸ್ವೆಟರು ತೊಡಿಸಿದಂತಾದೀತು ಎಂದು ನಗುತ್ತಾರೆ. ಪಕ್ಕದ ಆಸನ ಬರಿದಾಗಿ ಹೋಗಿ ಬರುವುದು ನನಗೆ ಬೇಸರವಾಗಿದೆ. ನೀವೇನೆನ್ನುತ್ತೀರಿ?" ಎಂದು ಕೇಳಿದ್ದಾರೆ.

ಮಿತ್ರರ ಮಾತನ್ನು ತಳ್ಳಿಹಾಕುವಂತಿಲ್ಲ. ಎಂ.ಜಿ.ಬಿ. ಬಂಡಿ 1962ರಲ್ಲಿ ಹುಟ್ಟಿ, 1980ರವರೆಗೆ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದರ ಸೋದರ ಮಾದರಿಗಳೂ ಸೇರಿ 5 ಲಕ್ಷಕ್ಕೂ ಹೆಚ್ಚು ಬಂಡಿಗಳು ಹೊರಬಂದುವು. ಅಂದಿನ ಇಂಗ್ಲಿಷ್ ತರುಣನೊಬ್ಬ ಅದನ್ನು ಕೊಂಡಾಗ ಗಾಳಿ, ಚಳಿ, ಸದ್ದುಗಳೆಲ್ಲವನ್ನೂ ಅದರೊಡನೆಯೇ ಕೊಂಡಂತೆ. ದಪ್ಪ ಕೋಟು ತೊಟ್ಟು, ಕೊರಳಿಗೆ ಉಣ್ಣೆಯ ವಸ್ತ್ರ ಸುತ್ತಿ, ಮೂಗು ಕೆಂಪಗಾಗಿಸಿಕೊಂಡು ಓಡಿಸುವುದೇ ಅದರ ಸೊಗಸು ಎನ್ನುವವರು ಇಂದಿಗೂ ಇದ್ದಾರೆ.

ಆದರೆ ಒಂದು ಸಂಗತಿಯನ್ನು ಈ ಮಿತ್ರರು ಮರೆತಂತಿದೆ. ಆರಂಭದ ಎಂ.ಜಿ.ಬಿ.ಗಳಲ್ಲಿ ಬಿಸಿಗಾಳಿಯ ಹೀಟರೂ ಕೂಡ ಬೇಕೆಂದವರು ಹೆಚ್ಚು ಹಣ ತೆತ್ತು ಹಾಕಿಸಿಕೊಳ್ಳಬೇಕಾಗಿದ್ದ ಸಾಮಗ್ರಿಯಾಗಿತ್ತು. ಅಂದರೆ, ಎಷ್ಟು ಬೆಚ್ಚಗಿರಬೇಕೆಂಬುದನ್ನು ಕಾರ್ಖಾನೆಯವರೇ ಒಡೆಯನ ಇಚ್ಛೆಗೆ ಬಿಟ್ಟಿದ್ದರು. ಬಿಸಿಯಾಗುವ ಆಸನವೂ ಆ ಕಾಲಕ್ಕೆ ಅಪರಿಚಿತವೇನಲ್ಲ. ಅಮೆರಿಕದ ಕ್ಯಾಡಿಲಾಕ್ ಬಂಡಿಗಳಲ್ಲಿ 1966ರಲ್ಲಿಯೇ ಅದನ್ನು ಕೇಳಿ ಹಾಕಿಸಿಕೊಳ್ಳಬಹುದಾಗಿತ್ತು. ಚಳಿಯ ನಾಡಾದ ಸ್ವೀಡನ್ನಿನ ಸಾಬ್ ಕಂಪನಿ 1971ರ ಸುಮಾರಿಗೆ ಅದನ್ನು ತನ್ನ ಬಂಡಿಗಳಲ್ಲಿ ತಾನಾಗಿಯೇ ಅಳವಡಿಸತೊಡಗಿತು. ನಮ್ಮ ಪತ್ರಲೇಖಕರ ಬಂಡಿಗಿಂತ ಈ ಸೌಕರ್ಯ ಒಂದೇ ವರ್ಷ ಕಿರಿಯದು!

ಆಸನವನ್ನೇ ಏಕೆ ಬಿಸಿಮಾಡಬೇಕು, ಹೀಟರು ಸಾಲದೆ? ಸಾಲದು. ಹೀಟರಿನ ಶಾಖ ಬರುವುದು ಎಂಜಿನನ್ನು ತಂಪುಮಾಡುವ ನೀರಿನಿಂದ. ಆ ನೀರು ಕಾಯುವವರೆಗೆ ಹಲವು ನಿಮಿಷ ನಡುಗುತ್ತ ಕಾಯಬೇಕು. ಕಾದ ಮೇಲೂ ತೆರೆದ ಬಂಡಿಯಲ್ಲಿ ಬಿಸಿಗಾಳಿಯ ಬಹುಪಾಲು ಹೊರಗೆ ಹಾರಿಹೋಗುತ್ತದೆ. ಆಸನದ ಶಾಖವಾದರೋ ನೇರವಾಗಿ ಮೈಗೆ ತಾಗುತ್ತದೆ. ಮಲೆನಾಡಿನ ಮನೆಯ ಚಳಿಯಲ್ಲಿ ಬಚ್ಚಲೊಲೆಯ ಮುಂದೆ ಬೆನ್ನು ಕಾಯಿಸಿಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಆಸನಕ್ಕೆ ಸುಮಾರು 45 ವಾಟ್, ಅಂದರೆ ಒಂದು ಸಣ್ಣ ಹಳೆಯ ವಿದ್ಯುದ್ದೀಪದಷ್ಟು ಶಕ್ತಿ ಸಾಕು.

ಸಣ್ಣದೆಂದು ತೋರುವ ಈ ಶಕ್ತಿಯೇ ಹಳೆಯ ಬಂಡಿಗೆ ದೊಡ್ಡ ಹೊರೆ. ನಮ್ಮ ಮನೆವಾರ್ತೆಯ ಲೆಕ್ಕದಂತೆಯೇ ಇಲ್ಲಿಯೂ ಆದಾಯ-ವೆಚ್ಚಗಳನ್ನು ನೋಡಬೇಕು. 1965ರ ಎಂ.ಜಿ.ಬಿ.ಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಡೈನಮೊ. ಅದರ ಗರಿಷ್ಠ ಗಳಿಕೆ 22 ಆಂಪಿಯರ್, ಅದೂ ಎಂಜಿನು ವೇಗವಾಗಿ ತಿರುಗುತ್ತಿರುವಾಗ ಮಾತ್ರ. ಬಂಡಿ ನಿಂತು ಎಂಜಿನು ಮೆಲ್ಲಗೆ ತಿರುಗುತ್ತಿದ್ದರೆ ಗಳಿಕೆ ಇಲ್ಲವೆಂದೇ ಹೇಳಬೇಕು. ಇನ್ನು ವೆಚ್ಚ. ಸಂಜೆಗತ್ತಲಲ್ಲಿ ಮುಂದಿನ ಎರಡು ದೀಪಗಳಿಗೆ 7ರಿಂದ 8 ಆಂಪಿಯರ್. ಹಿಂದಿನ ಮತ್ತು ಪಕ್ಕದ ದೀಪಗಳಿಗೆ ಸುಮಾರು 3. ಎಂಜಿನಿನ ಕಿಡಿಗೆ 3ರಿಂದ 4. ಮಳೆ ಬಂದರೆ ಗಾಜು ಒರೆಸುವ ಕಡ್ಡಿಗಳಿಗೂ ಹೀಟರಿನ ಬೀಸಣಿಗೆಗೂ ಸೇರಿ ಇನ್ನು 5 ಅಥವಾ 6. ಒಟ್ಟು ಸುಮಾರು 20 ಆಯಿತು. ಎರಡು ಆಸನಗಳು ಕೇಳುವುದು 7ರಿಂದ 8 ಆಂಪಿಯರ್. ಉಳಿದಿರುವುದು ಎರಡು! ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಸಾಲ ತೀರಿಸದೆ ಮತ್ತೆ ಮತ್ತೆ ಅದರ ಬಳಿಗೆ ಹೋದರೆ, ಒಂದು ಸಂಜೆ ಊರಾಚೆಯ ರಸ್ತೆಯಲ್ಲಿ ದಂಪತಿಗಳಿಬ್ಬರೂ ಬಂಡಿಯನ್ನು ನೂಕಬೇಕಾಗುತ್ತದೆ. ಸೊಂಟಕ್ಕೆ ಅದು ತಕ್ಕ ಚಿಕಿತ್ಸೆಯಲ್ಲ.

ದಾರಿ ಎರಡಿವೆ. ಡೈನಮೊದ ಬದಲು ಆಲ್ಟರ್ನೇಟರನ್ನು ಹಾಕಿಸುವುದು ಒಂದು. ಹೊರನೋಟಕ್ಕೆ ಡೈನಮೊದಂತೆಯೇ ಕಾಣುವ ಆಲ್ಟರ್ನೇಟರುಗಳು ಈಗ ದೊರೆಯುತ್ತವೆ. ಇನ್ನೊಂದು ದಾರಿ ಅಗ್ಗವಾದದ್ದು: ಪಕ್ಕದ ಆಸನವೊಂದಕ್ಕೆ ಮಾತ್ರ ಶಾಖ ಕೊಡುವುದು, ಎಂಜಿನು ಚುರುಕಾಗಿ ತಿರುಗುವಾಗ ಅದನ್ನು ಹಚ್ಚುವುದು, ಮೈ ಬೆಚ್ಚಗಾದೊಡನೆ ತಗ್ಗಿಸುವುದು. ಹಗಲಿನಲ್ಲಿ, ದೀಪಗಳು ಉರಿಯದಿರುವಾಗ, ಇಷ್ಟನ್ನು ಹಳೆಯ ಡೈನಮೊ ಗೊಣಗದೆ ಹೊರುತ್ತದೆ. ಮೊದಲು ಈ ದಾರಿಯನ್ನೇ ನೋಡಿರೆಂದು ನನ್ನ ಸಲಹೆ.

ಇನ್ನೊಂದು ತೊಡಕನ್ನು ಮರೆಯುವಂತಿಲ್ಲ. 1967ರ ಕೊನೆಯವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಬಂಡಿಯ ಲೋಹದ ಒಡಲಿಗೆ ಜೋಡಿಸಿದ್ದಾರೆ. ಇಂದಿನ ಬಂಡಿಗಳಲ್ಲಿ ಒಡಲಿಗೆ ಸೇರುವುದು ಋಣಧ್ರುವ. ಶಾಖ ಕೊಡುವ ಹಾಸಿಗೆ ಬರಿಯ ತಂತಿ. ವಿದ್ಯುತ್ತು ಯಾವ ಕಡೆಯಿಂದ ಹರಿದರೂ ಕಾಯುತ್ತದೆ. ಆದರೆ ಅದರೊಡನೆ ಬರುವ ನಿಯಂತ್ರಣದ ಪೆಟ್ಟಿಗೆ ಹಾಗಲ್ಲ. ತಲೆಕೆಳಗಾಗಿ ಜೋಡಿಸಿದರೆ ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಆದುದರಿಂದ ಪೆಟ್ಟಿಗೆಯ ಎರಡು ತಂತಿಗಳನ್ನೂ ಧ್ರುವ ನೋಡಿಯೇ ಸೇರಿಸಬೇಕು; ಪೆಟ್ಟಿಗೆ ಬಂಡಿಯ ಲೋಹಕ್ಕೆ ತಾಗದಂತಿರಬೇಕು; ಫ್ಯೂಸನ್ನು ಒಡಲಿಗೆ ಸೇರದ ಋಣದ ತಂತಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು. ಅದೃಷ್ಟಕ್ಕೆ ಈ ಬಂಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿರುವುದು ಆಸನಗಳ ಹಿಂದೆಯೇ. ತಂತಿ ಉದ್ದವಾಗಬೇಕಾಗಿಲ್ಲ.

ಇಡೀ ಬಂಡಿಗೆ ಕಾರ್ಖಾನೆಯವರು ಕೊಟ್ಟಿದ್ದು ಎರಡೇ ಫ್ಯೂಸುಗಳು. ಅರವತ್ತು ವರ್ಷ ಸವೆದ ತಂತಿಗಳಿಗೆ ಹೊಸ ಹೊರೆಯನ್ನು ಅಂಟಿಸುವುದು ಬೇಡ. ಆಸನಕ್ಕೆ ಬೇರೆ ತಂತಿ, ಬೇರೆ ಫ್ಯೂಸು, ಬೀಗದ ಕೈ ತೆಗೆದೊಡನೆ ತಾನೇ ಆರಿಹೋಗುವಂತೆ ಒಂದು ರಿಲೇ ಇರಲಿ. ಆಸನ ಹಿಂದೆ ಮುಂದೆ ಸರಿಯುವುದರಿಂದ ತಂತಿಗೆ ಸ್ವಲ್ಪ ಸಡಿಲ ಬಿಟ್ಟು, ಜಾರುಹಳಿಯ ಬಾಯಿಗೆ ಸಿಕ್ಕದಂತೆ ಕಟ್ಟಿರಬೇಕು. ಇದನ್ನು ಬಲ್ಲ ಮೆಕ್ಯಾನಿಕರಿಂದ ಮಾಡಿಸುವುದೇ ಲೇಸು. ಮಾಡಿಸಿದ ಮೇಲೆ ವಿಮಾ ಕಂಪನಿಗೆ ಒಂದು ಸಾಲು ಬರೆದು ತಿಳಿಸಿರಿ.

ಇನ್ನು ಆಸನದ ಮಾತು. ಶಾಖದ ಹಾಸಿಗೆ ಸೇರುವುದು ಚರ್ಮದ ಹೊದಿಕೆಗೂ ಒಳಗಿನ ಮೆತ್ತೆಗೂ ನಡುವೆ. ಅದು ಮಡಿಚಿಕೊಳ್ಳದಂತೆ ಹಾಸಬೇಕು; ಮಡಿಚಿದ ಕಡೆ ಶಾಖ ಕೂಡಿಕೊಂಡು ಚರ್ಮ ಕಮರುತ್ತದೆ. ಮೂಲದ ಹೊದಿಕೆ ಇನ್ನೂ ಉಳಿದಿದ್ದರೆ ಅದನ್ನು ಕತ್ತರಿಸಬೇಡಿರಿ. ಬಿಚ್ಚಿ, ಎಣ್ಣೆ ಸವರಿ, ಕಾಪಿಡಿರಿ. ಅದೇ ಬಣ್ಣ, ಅದೇ ಅಂಚಿನ ಹೊಸ ಹೊದಿಕೆಯನ್ನು ಹಾಕಿಸಿರಿ. ಸ್ವಿಚ್ಚಿಗಾಗಿ ಫಲಕದಲ್ಲಿ ತೂತು ಕೊರೆಯಬೇಡಿರಿ. ಫಲಕದ ಕೆಳಗೆ, ಕಣ್ಣಿಗೆ ಬೀಳದ ಕಡೆ ಅದು ಇರಲಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಬದಲಾವಣೆ ಅನಿವಾರ್ಯವಾದರೆ ಅದನ್ನು ಮರಳಿ ತೆಗೆಯುವಂತಿರಬೇಕು, ತೆಗೆದಿಟ್ಟ ಮೂಲ ಭಾಗಗಳನ್ನು ಬಂಡಿಯೊಡನೆಯೇ ಉಳಿಸಿಕೊಳ್ಳಬೇಕು. ನಾಳೆ ನಿಮ್ಮ ಮಗಳೋ ಮೊಮ್ಮಗನೋ ಒಂದು ಮಧ್ಯಾಹ್ನದ ಕೆಲಸದಲ್ಲಿ ಬಂಡಿಯನ್ನು 1965ಕ್ಕೆ ಹಿಂದಿರುಗಿಸುವಂತಿದ್ದರೆ ಮಿತ್ರರು ಆಕ್ಷೇಪಿಸಲು ಏನೂ ಉಳಿಯದು.

ಕೊನೆಯ ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯವಾದುದು. ಶಾಖ ಹಿತವಾಗಿದ್ದರೂ ಹೆಚ್ಚು ಹೊತ್ತು ತಾಗಿದರೆ ಸುಡಬಲ್ಲುದು. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು 1947ರಲ್ಲಿ ಪ್ರಕಟಿಸಿದ ಪರೀಕ್ಷೆಗಳಂತೆ, 44 ಡಿಗ್ರಿ ಸೆಂಟಿಗ್ರೇಡಿನ ಶಾಖ ಚರ್ಮವನ್ನು ಸುಡಲು ಸುಮಾರು 6 ಗಂಟೆ ಬೇಕು; 49 ಡಿಗ್ರಿಯಾದರೆ ಹತ್ತು ನಿಮಿಷವೂ ಬೇಡ. ಐದೇ ಡಿಗ್ರಿಯ ಅಂತರ ನೋಡಿರಿ! ಆರೋಗ್ಯವಂತರು ಬಿಸಿ ಹೆಚ್ಚಾದೊಡನೆ ಅಲುಗಾಡುತ್ತಾರೆ. ಮಧುಮೇಹದಿಂದಲೋ ಬೆನ್ನಿನ ನರದ ತೊಂದರೆಯಿಂದಲೋ ಸ್ಪರ್ಶಜ್ಞಾನ ಕುಂದಿದವರಿಗೆ ಅದು ತಿಳಿಯುವುದಿಲ್ಲ. ಆದುದರಿಂದ ಶಾಖವನ್ನು ತಾನೇ ಮಿತಿಯಲ್ಲಿಡುವ ಥರ್ಮೊಸ್ಟಾಟ್ ಇಲ್ಲದ ಅಗ್ಗದ ಹಾಸಿಗೆಯನ್ನು ಕೊಳ್ಳಲೇಬೇಡಿರಿ. ನಿಮ್ಮ ಶ್ರೀಮತಿಯವರ ಸೊಂಟನೋವಿನ ಜೊತೆಗೆ ಕಾಲು ಜೋಮು ಹಿಡಿಯುವುದೂ ಇದ್ದರೆ, ಮೊದಲು ವೈದ್ಯರನ್ನು ಕೇಳಿ ಆಮೇಲೆ ಮೆಕ್ಯಾನಿಕರನ್ನು ಕರೆಯಿರಿ.

ಹಿಮ ಬಿದ್ದ ಮೇಲೆ ಅಲ್ಲಿಯ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಆ ದಿನಗಳಲ್ಲಿ ಹಳೆಯ ಬಂಡಿ ತುಕ್ಕಿಗಂಜಿ ಮನೆಯಲ್ಲಿಯೇ ಇರುವುದು ವಾಡಿಕೆ. ಆದುದರಿಂದ ಈ ಸಿದ್ಧತೆಯೆಲ್ಲ ಅಕ್ಟೋಬರಿನ ಕೆಲವು ಒಣ ಮಧ್ಯಾಹ್ನಗಳಿಗಾಗಿ, ಮಾರ್ಚಿಯ ಕೆಲವು ಬೆಳಗುಗಳಿಗಾಗಿ. ವರ್ಷಕ್ಕೆ ಹತ್ತು ಹನ್ನೆರಡು ದಿನಗಳಿರಬಹುದು. ಅಷ್ಟಕ್ಕಾಗಿ ಇಷ್ಟು ಶ್ರಮವೇ ಎಂದು ಕೇಳುವವರಿದ್ದಾರೆ. ಎಪ್ಪತ್ತರ ಹೊಸ್ತಿಲಲ್ಲಿರುವ ಇಬ್ಬರು ಜೊತೆಯಾಗಿ ಕಳೆಯಬಹುದಾದ ಹನ್ನೆರಡು ದಿನಗಳು ಕಡಿಮೆಯೇನಲ್ಲ. ಬಂಡಿಯನ್ನು ಮಾಡಿದವರು ಅದರಲ್ಲಿ ಎರಡು ಆಸನಗಳನ್ನಿಟ್ಟಿದ್ದರೆಂಬುದನ್ನು ಮೂಲರೂಪದ ಅಭಿಮಾನಿಗಳು ನೆನೆಯಲಿ.

ಮಹನೀಯರೆ, ಧೈರ್ಯವಾಗಿ ಹಾಕಿಸಿರಿ. ಮೊದಲು ಎಡಗಡೆಯ ಆಸನಕ್ಕೆ. ನಿಮ್ಮ ಪಾಲಿನ ಚಳಿಯನ್ನು ಮೂಲರೂಪದ ಗೌರವಕ್ಕಾಗಿ ನೀವೇ ಇಟ್ಟುಕೊಳ್ಳಬಹುದು. ಮುಂದಿನ ಪತ್ರವನ್ನು ನಿಮ್ಮ ಶ್ರೀಮತಿಯವರೇ ಬರೆಯಲೆಂದು ಹಾರೈಸುತ್ತೇನೆ.