ಹಳೆಯ ಯಂತ್ರಕ್ಕೆ ಹೊಸ ದನಿ

ಪೊಲೀಸ್ ವಾಹನಗಳಲ್ಲಿಯೂ ಟ್ಯಾಕ್ಸಿಗಳಲ್ಲಿಯೂ ದುಡಿದು ಮೂಲೆ ಸೇರಿದ ಇಮ್ಮುಖ ರೇಡಿಯೊಗಳನ್ನು ಹಲವರು ಗುಜರಿ ಸರಕೆಂದೇ ಬಗೆಯುತ್ತಾರೆ. ಹವ್ಯಾಸಿ ರೇಡಿಯೊ ಬಲ್ಲವನಿಗಾದರೋ ಅವು ಪ್ರಯೋಗಶಾಲೆಗಳೇ ಸರಿ.

ಕೆಟ್ಟ ಯಂತ್ರವನ್ನು ಕಂಡೊಡನೆ ಬಿಡಿಭಾಗಗಳನ್ನು ಕೀಳುವುದು ಜಾಣತನವಲ್ಲ. 12 ವೋಲ್ಟ್ ವಿದ್ಯುತ್ತು ಒಳಸೇರುತ್ತಿದೆಯೇ, ಫ್ಯೂಸ್ ಸುಟ್ಟಿದೆಯೇ, ಬೆಸುಗೆ ಬಿಟ್ಟಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಬಳಿಕ ಗ್ರಾಹಕವನ್ನು, ಕಡೆಯಲ್ಲಿ ಪ್ರೇಷಕವನ್ನು. ಆಂಟೆನಾ ಜೋಡಿಸದೆ ಪ್ರೇಷಕವನ್ನು ನಡೆಸಿದರೆ ಅದರ ಕೊನೆಯ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಮಾರ್ಪಾಡಿನ ತಿರುಳಿರುವುದು ಸ್ಫಟಿಕದಲ್ಲಿ. ಅನೇಕ ಹಳೆಯ ಪ್ರೇಷಕಗಳಲ್ಲಿ ಸ್ಫಟಿಕದ ಕಂಪನಾಂಕವು 12 ಪಟ್ಟಾಗಿ ಹೊರಬರುತ್ತದೆ. 12.1 ಮೆಗಾಹರ್ಟ್ಸ್ ಸ್ಫಟಿಕವನ್ನಿಟ್ಟರೆ 145.2 ದೊರೆಯುತ್ತದೆ. ಭಾರತದ ಹವ್ಯಾಸಿಗಳಿಗೆ ದತ್ತವಾದ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯೊಳಗೆ ಅದು ಸಲ್ಲುತ್ತದೆ. ಗ್ರಾಹಕದ ಸ್ಫಟಿಕವನ್ನೂ ಬದಲಿಸಿ, ಸುರುಳಿಗಳನ್ನು ವೀಣೆಯ ತಂತಿಯಂತೆ ಶ್ರುತಿಗೊಳಿಸಬೇಕು.

ಹೊಸ ಯಂತ್ರಗಳು ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆಂದು ಕೆಲವರು ಕೇಳುವುದುಂಟು. ಹಣ ತೆತ್ತು ಕೊಂಡವನಿಗೆ ಗುಂಡಿ ಒತ್ತುವುದಷ್ಟೇ ತಿಳಿದೀತು. ತಿದ್ದಿ ನಡೆಸಿದವನಿಗೆ ಯಂತ್ರದ ಒಳಗುಟ್ಟೇ ತಿಳಿಯುತ್ತದೆ. 2004ರ ಡಿಸೆಂಬರಿನಲ್ಲಿ ಸುನಾಮಿಯು ಅಂಡಮಾನನ್ನು ಅಪ್ಪಳಿಸಿದಾಗ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳು ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಅಂಗಡಿಯೂ ದುರಸ್ತಿಗಾರನೂ ಇಲ್ಲದ ಅಂಥ ಗಳಿಗೆಯಲ್ಲಿ ಕೆಟ್ಟುದನ್ನು ಸರಿಪಡಿಸಬಲ್ಲ ಕೈಗಳೇ ಆಸರೆ.

ಆದರೆ ಈ ವಿದ್ಯೆಗೆ ಶಿಸ್ತಿನ ಬೇಲಿಯೂ ಬೇಕು. ಶ್ರುತಿ ತಪ್ಪಿದ ಪ್ರೇಷಕವು ಇತರರ ಸಂಪರ್ಕವನ್ನು ಕೆಡಿಸಬಲ್ಲುದು. ಆದುದರಿಂದಲೇ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೇಂದ್ರ ಸರ್ಕಾರದ ಪರವಾನಗಿ ಪಡೆದವರಿಗೆ ಮಾತ್ರ ಪ್ರಸಾರದ ಹಕ್ಕುಂಟು. ಅರಿವೂ ಹೊಣೆಯೂ ಕೂಡಿದಲ್ಲಿ ಗುಜರಿಯೂ ಸಂಪತ್ತಾಗುತ್ತದೆ.