ಉಮ್ಮನೂ ಬೆಟ್ಟ ನೋಡಲಿ



ಮನೆಯವರೆಲ್ಲ ಕೂಡಿ ನೀವು ಕೊನೆಯ ಬಾರಿ ಪ್ರವಾಸ ಹೋದದ್ದು ಯಾವಾಗ? ಆ ದಿನ ನೀವೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳಬಲ್ಲಿರಾ? ಹೆಚ್ಚಿನ ಮನೆಗಳಲ್ಲಿ ಗಂಡಸರು ಜಲಪಾತದ ಎತ್ತರ ಹೇಳುತ್ತಾರೆ, ಮಕ್ಕಳು ದೋಣಿಯ ಮಾತಾಡುತ್ತಾರೆ. ಉಮ್ಮನಿಗೆ ನೆನಪಿರುವುದು ಸುಬಹಿಗಿಂತ ಮೊದಲೇ ಎದ್ದು ಕಟ್ಟಿದ ಬಿರಿಯಾನಿಯ ಪಾತ್ರೆ, ಚಿಕ್ಕವನ ಒದ್ದೆ ಬಟ್ಟೆ, ಎಣಿಸಿ ಎಣಿಸಿ ಸಾಕಾದ ಚಪ್ಪಲಿಗಳು. ಊರು ಬದಲಾದರೂ ಅಡುಗೆಮನೆ ಅವಳ ಹಿಂದೆಯೇ ಬಂದಿರುತ್ತದೆ.

ಈ ತಿಂಗಳು ನಿಮ್ಮನ್ನು ದೂರದ ಒಂದೂರಿಗೆ ಕರೆದೊಯ್ಯುತ್ತೇನೆ. ಚೀನಾದ ದಕ್ಷಿಣಕ್ಕಿರುವ ಗುವಾಂಗ್ಶಿ ಸ್ವಾಯತ್ತ ಪ್ರದೇಶದ ಗುಯಿಲಿನ್ ನಗರ. ಅಲ್ಲಿಂದ ಯಾಂಗ್‌ಶುವೊ ಎಂಬ ಪಟ್ಟಣಕ್ಕೆ ಲಿ ನದಿಯ ಮೇಲೆ ಗೈಡ್ ಜೊತೆ ಹೋಗುವ ಒಂದು ದಿನದ ಪ್ರವಾಸ ಜಗತ್ಪ್ರಸಿದ್ಧ. ನಮಗೂ ಆ ದೇಶಕ್ಕೂ ಏನು ಸಂಬಂಧ ಎನ್ನಬೇಡಿ. ನಮ್ಮ ಕರಾವಳಿಯ ವ್ಯಾಪಾರಿಗಳು ಸರಕು ಕೊಳ್ಳಲು ಗುವಾಂಗ್‌ಝೌಗೆ ಹೋಗಿಬರುವುದು ಹೊಸತಲ್ಲ. 2014ರ ಕೊನೆಯಲ್ಲಿ ವೇಗದ ರೈಲು ಮಾರ್ಗ ತೆರೆದ ಮೇಲೆ ಗುವಾಂಗ್‌ಝೌನಿಂದ ಗುಯಿಲಿನ್‌ಗೆ ಸುಮಾರು ಮೂರು ಗಂಟೆಯ ಹಾದಿ. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾಗಿವೆ. ಗಂಡಸರು ಹೋಗುತ್ತಾರೆ, ಬರುತ್ತಾರೆ. ಮನೆಗೆ ಬರುವುದು ಆಟಿಕೆ, ಪರ್ಸು, ಪಾತ್ರೆ. ಮುಂದೊಮ್ಮೆ ಮನೆಯಾಕೆಯೂ ಜೊತೆಗೆ ಹೊರಟರೆ ಆ ಒಂದು ದಿನ ಹೇಗಿರಬಹುದು?

ಮೊದಲು ಬೆಟ್ಟಗಳ ಮಾತು. ಗುಯಿಲಿನ್ ಸುತ್ತಲಿನ ಬೆಟ್ಟಗಳು ನಮ್ಮ ಘಟ್ಟದಂತೆ ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಹಬ್ಬಿದವಲ್ಲ. ಸಮತಟ್ಟಾದ ಗದ್ದೆಯ ನಡುವಿನಿಂದ ಒಂದೊಂದೇ ನೆಟ್ಟಗೆ ಎದ್ದು ನಿಂತಿವೆ. ಕೆಲವು ಸಕ್ಕರೆ ಅಚ್ಚಿನಂತೆ ಚೂಪು, ಕೆಲವು ಕವುಚಿಟ್ಟ ಬಟ್ಟಲಿನಂತೆ ದುಂಡು. ಮೈತುಂಬ ಹಸಿರು, ಬಂಡೆ ಕಡಿದಾದಲ್ಲಿ ಮಾತ್ರ ಬೂದು-ಬಿಳಿ ಬಣ್ಣ. ಇದನ್ನು ಕಾರ್ಸ್ಟ್ ಭೂಮಿ ಎನ್ನುತ್ತಾರೆ. ಯುರೋಪಿನ ಸ್ಲೊವೇನಿಯಾದ ಒಂದು ಸುಣ್ಣಕಲ್ಲಿನ ಪ್ರದೇಶದ ಹೆಸರಿನಿಂದ ಈ ಪದ ಬಂದಿದೆ. ದಕ್ಷಿಣ ಚೀನಾದ ಕಾರ್ಸ್ಟ್ ಪ್ರದೇಶಗಳನ್ನು ಯುನೆಸ್ಕೊ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಯಿಲಿನ್ ಭಾಗ ಸೇರಿದ್ದು 2014ರಲ್ಲಿ.

ಈ ಬೆಟ್ಟಗಳು ಹೇಗಾದವು? ಇದನ್ನು ತಿಳಿಯಲು ನೀವು ವಿಜ್ಞಾನದ ಪುಸ್ತಕ ತೆರೆಯಬೇಕಿಲ್ಲ. ಗಡಸು ನೀರು ಕಾಯಿಸಿ ಕಾಯಿಸಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲವೇ? ಅದು ಉಜ್ಜಿದರೆ ಹೋಗುವುದಿಲ್ಲ. ಲಿಂಬೆರಸವೋ ವಿನೆಗರೋ ಹಾಕಿಟ್ಟರೆ ನೊರೆ ಬಂದು ಕರಗುತ್ತದೆ. ಬೆಟ್ಟದ ಕಥೆಯೂ ಅಷ್ಟೇ. ಸುಮಾರು 35 ಕೋಟಿ ವರ್ಷಗಳ ಹಿಂದೆ ಆ ಪ್ರದೇಶ ಬೆಚ್ಚಗಿನ ಸಮುದ್ರದ ತಳವಾಗಿತ್ತು. ಚಿಪ್ಪು, ಹವಳಗಳು ಬಿದ್ದು, ಒತ್ತಿ, ದಪ್ಪನೆಯ ಸುಣ್ಣಕಲ್ಲಾದವು. ಆಮೇಲೆ ನೆಲ ಮೇಲೆದ್ದಿತು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಅದೇ ಅನಿಲ. ಆ ತೆಳು ಹುಳಿ ನೀರು ಕಲ್ಲಿನ ಬಿರುಕಿಗೆ ಇಳಿದು ಇಷ್ಟಿಷ್ಟೇ ಕರಗಿಸಿತು. ಬಿರುಕು ಕಣಿವೆಯಾಯಿತು, ಒಳಗೆ ಗುಹೆಯಾಯಿತು, ಕರಗದೆ ಉಳಿದ ಭಾಗ ಬೆಟ್ಟವಾಗಿ ನಿಂತಿತು. ಸುತ್ತಿಗೆಯ ಪೆಟ್ಟಿಲ್ಲ, ಸದ್ದಿಲ್ಲ. ಹನಿ ನೀರಿನ ತಾಳ್ಮೆಯಿಂದ ಇಂಥ ಕೆಲಸ ಮಾಡಿಸಿದ ಸೃಷ್ಟಿಕರ್ತನನ್ನು ನೆನೆಯದೆ ಇರಲು ಸಾಧ್ಯವೇ?

ಈಗ ದಿನದ ಲೆಕ್ಕ. ಬೆಳಿಗ್ಗೆ ಗೈಡ್ ನೀವಿರುವ ಹೋಟೆಲಿಗೆ ಬಂದು ವ್ಯಾನಿನಲ್ಲಿ ಕೂರಿಸುತ್ತಾರೆ. ಟಿಕೆಟ್ ಪಾಸ್‌ಪೋರ್ಟ್ ಹೆಸರಿನಲ್ಲೇ ಇರುವುದರಿಂದ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಹಡಗು ಹೊರಡುವುದು ನಗರದ ಹೊರಗಿನ ಜೆಟ್ಟಿಯಿಂದ, ಅಲ್ಲಿಗೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಗುಯಿಲಿನ್‌ನಿಂದ ಯಾಂಗ್‌ಶುವೊವರೆಗೆ ನದಿಯ ಉದ್ದ 83 ಕಿಲೋಮೀಟರ್. ಅದರಲ್ಲಿ ಕಣ್ಣು ತುಂಬುವ ಭಾಗವನ್ನು ಹಡಗು ನಾಲ್ಕೈದು ಗಂಟೆಯಲ್ಲಿ ದಾಟುತ್ತದೆ. ಒಳಗೆ ಮೇಜು-ಕುರ್ಚಿ, ಮೇಲೆ ತೆರೆದ ಅಟ್ಟ. ನೀರು ತಿಳಿಯಾಗಿರುವ ದಿನಗಳಲ್ಲಿ ಬೆಟ್ಟ ಮೇಲೊಂದು, ನೀರಿನಲ್ಲೊಂದು. ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಜೋರು, ಮಂಜೂ ಇರುತ್ತದೆ. ಚಳಿಗಾಲದಲ್ಲಿ ನೀರು ಇಳಿಯುವುದರಿಂದ ಹಡಗಿನ ದಾರಿ ಕೆಲವೊಮ್ಮೆ ಮೊಟಕಾಗುತ್ತದೆ. ಇದನ್ನೆಲ್ಲ ಮೊದಲೇ ಕೇಳಿಕೊಳ್ಳಿ.

ಯಾಂಗ್‌ಡಿ ಎಂಬ ಹಳ್ಳಿ ದಾಟಿದ ಮೇಲೆ ಒಂಬತ್ತು ಕುದುರೆಗಳ ಬೆಟ್ಟ ಬರುತ್ತದೆ. ಕಡಿದಾದ ಬಂಡೆಯ ಮೇಲಿನ ಬಣ್ಣದ ಗೆರೆಗಳಲ್ಲಿ ಕುದುರೆಗಳಿವೆಯಂತೆ. ಒಂಬತ್ತನ್ನೂ ಕಂಡವರು ಜಾಣರು ಎಂದು ಗೈಡ್ ಹೇಳುತ್ತಾರೆ. ಮಕ್ಕಳು ಹಠದಿಂದ ಎಣಿಸುತ್ತಾರೆ. ನೀವೂ ಎಣಿಸಿ. ಸ್ವಲ್ಪ ಮುಂದೆ ಶಿಂಗ್‌ಪಿಂಗ್. ಇಲ್ಲಿ ಹಡಗಿನವರೆಲ್ಲ ಪರ್ಸಿನಿಂದ ನೋಟು ತೆಗೆಯುವುದನ್ನು ಕಂಡು ಗಾಬರಿಯಾಗಬೇಡಿ. 2000ದಲ್ಲಿ ಚಲಾವಣೆಗೆ ಬಂದ 20 ಯುವಾನ್ ನೋಟಿನ ಹಿಂಬದಿಯಲ್ಲಿರುವುದು ಇದೇ ನೋಟ. ನೋಟನ್ನು ಎತ್ತಿ ಹಿಡಿದು ಬೆಟ್ಟಕ್ಕೆ ಹೋಲಿಸಿ ಫೋಟೋ ತೆಗೆಯುವುದು ಅಲ್ಲಿನ ರೂಢಿ.

ದಡದಲ್ಲಿ ಬಿದಿರಿನ ತೆಪ್ಪದ ಮೇಲೆ ನೀರುಕಾಗೆಗಳನ್ನು ಕೂರಿಸಿಕೊಂಡ ಮುದುಕರು ಕಾಣಬಹುದು. ಹಿಂದೆ ಇದೇ ಅವರ ಹೊಟ್ಟೆಪಾಡು. ಹಕ್ಕಿಯ ಕೊರಳಿಗೆ ಸಡಿಲವಾಗಿ ದಾರ ಕಟ್ಟುತ್ತಿದ್ದರು. ಸಣ್ಣ ಮೀನು ಗಂಟಲಿಗಿಳಿಯುತ್ತಿತ್ತು, ದೊಡ್ಡದು ಯಜಮಾನನ ಬುಟ್ಟಿಗೆ. ಈಗ ಹೆಚ್ಚಿನವರು ಬದುಕುವುದು ಪ್ರವಾಸಿಗರ ಫೋಟೋಗಳಿಂದ. ಆದ್ದರಿಂದ ಕ್ಯಾಮೆರಾ ಎತ್ತುವ ಮೊದಲು ಎಷ್ಟು ಕೊಡಬೇಕೆಂದು ಕೇಳಿ. ಅದು ಅವರ ದುಡಿಮೆ. ಪುಕ್ಕಟೆಯಾಗಿ ಕದ್ದು ತೆಗೆಯುವುದು ಚೆಂದವಲ್ಲ.

ಊಟದ ಚಿಂತೆ ಎಲ್ಲರಿಗೂ ಇದ್ದದ್ದೇ. ಹಡಗಿನಲ್ಲಿ ಮಧ್ಯಾಹ್ನದ ಊಟ ಕೊಡುತ್ತಾರೆ, ಆದರೆ ಹಂದಿಮಾಂಸ ಅಲ್ಲಿನ ಅಡುಗೆಯಲ್ಲಿ ಸಾಮಾನ್ಯ. ಹಾಗೆಂದು ಬಿರಿಯಾನಿ ಪಾತ್ರೆ ಹೊರುವ ಅಗತ್ಯವಿಲ್ಲ. ಗುಯಿಲಿನ್‌ನಲ್ಲಿ ಹ್ವೇ ಮುಸ್ಲಿಮರು ತಲೆಮಾರುಗಳಿಂದ ಇದ್ದಾರೆ, ಮಸೀದಿಗಳಿವೆ. ಚೀನಾದ ಆಧುನಿಕ ಇತಿಹಾಸದಲ್ಲಿ ಹೆಸರಾದ ಸೇನಾನಿ ಬಾಯ್ ಚೊಂಗ್‌ಶಿ 1893ರಲ್ಲಿ ಹುಟ್ಟಿದ್ದು ಇದೇ ಸೀಮೆಯ ಮುಸ್ಲಿಮ್ ಮನೆಯಲ್ಲಿ. ಅಂಗಡಿಯ ಬೋರ್ಡಿನಲ್ಲಿ 'ಚಿಂಗ್‌ಜೆನ್' ಎಂಬ ಎರಡು ಚೀನೀ ಅಕ್ಷರಗಳನ್ನು ಹುಡುಕಿ. ಶುದ್ಧ ಮತ್ತು ಸತ್ಯ ಎಂಬುದು ಅದರ ಅರ್ಥ. ಹಲಾಲ್ ಊಟಕ್ಕೂ ಇಸ್ಲಾಮಿಗೂ ಚೀನೀಯರು ಬಳಸುವ ಮಾತು ಅದು. ಹಲವು ಕಡೆ ಹಸಿರು ಬಣ್ಣದಲ್ಲಿ ಅರಬಿ ಬರಹವೂ ಜೊತೆಗಿರುತ್ತದೆ. ಆ ಎರಡು ಅಕ್ಷರಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಗೈಡಿಗೆ ಹಿಂದಿನ ದಿನವೇ ತೋರಿಸಿ. ಬೆಳಿಗ್ಗೆ ಅಂಥ ಅಂಗಡಿಯಲ್ಲಿ ಬಿಸಿ ಬಿಸಿ ಅಕ್ಕಿ ಶ್ಯಾವಿಗೆ ತಿಂದು, ಹಡಗಿಗೆ ಹಣ್ಣು, ಬೇಯಿಸಿದ ಮೊಟ್ಟೆ, ರೊಟ್ಟಿ ಕೊಂಡುಕೊಂಡರೆ ಸಾಕು. ಮಧ್ಯಾಹ್ನ ಒಂದು ಹೊತ್ತು ಸರಳವಾಗಿ ತಿಂದರೆ ಯಾರೂ ಬಡವಾಗುವುದಿಲ್ಲ.

ನಮಾಝಿನ ಸಮಯವೂ ಕಷ್ಟವಲ್ಲ. ಇಡೀ ಚೀನಾಕ್ಕೆ ಬೀಜಿಂಗ್‌ನದೊಂದೇ ಗಡಿಯಾರ. ಗುಯಿಲಿನ್ ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಸೂರ್ಯ ನೆತ್ತಿಗೆ ಬರುವಾಗ ಗಂಟೆ ಹೆಚ್ಚುಕಡಿಮೆ 12.40 ಆಗಿರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಹೊರಟ ಹಡಗು ಮಧ್ಯಾಹ್ನ ಎರಡರ ಸುಮಾರಿಗೆ ಯಾಂಗ್‌ಶುವೊ ಮುಟ್ಟುತ್ತದೆ. ಇಳಿದ ಮೇಲೆ ಲುಹರ್‌ಗೆ ಬೇಕಾದಷ್ಟು ಸಮಯವಿದೆ. ಕಿಬ್ಲಾ ಅಲ್ಲಿ ಪಶ್ಚಿಮದಿಂದ ತುಸು ಉತ್ತರಕ್ಕೆ. ಪ್ರಯಾಣಿಕರಿಗಿರುವ ರಿಯಾಯಿತಿಗಳನ್ನು ನಿಮ್ಮ ಮದ್‌ಹಬಿನಂತೆ ಹೊರಡುವ ಮೊದಲೇ ಉಲಮಾಗಳಲ್ಲಿ ಕೇಳಿಕೊಳ್ಳಿ. ಹತ್ತು ನಿಮಿಷ ನಿಲ್ಲಬೇಕೆಂದು ಗೈಡಿಗೆ ಮುಂಚಿತವಾಗಿ ತಿಳಿಸಿದರೆ ಅವರು ಜಾಗ ಹುಡುಕಬಲ್ಲರು. ಹೊರಟ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಿಮಗೂ ತಳಮಳ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಂಬಲಾಗದಷ್ಟು ಅಗ್ಗದ ಪ್ರವಾಸ ಎಂದರೆ ಬೆಟ್ಟಕ್ಕಿಂತ ಅಂಗಡಿಗಳೇ ಹೆಚ್ಚು ಎಂದು ತಿಳಿಯಿರಿ. ಹಸಿರು ಕಲ್ಲಿನ ಬಳೆ, ರೇಷ್ಮೆ, ಚಹಾ ಎಂದು ಒಂದೊಂದು ಕಡೆ ಒಂದೊಂದು ಗಂಟೆ ನಿಲ್ಲಿಸುತ್ತಾರೆ. ಕೊಂಡ ಪ್ರತಿ ವಸ್ತುವಿಗೂ ಕಮಿಷನ್ ಇರುತ್ತದೆ. ಈ ಹಾವಳಿ ಎಷ್ಟಿತ್ತೆಂದರೆ 2013ರ ಅಕ್ಟೋಬರ್ 1ರಂದು ಜಾರಿಯಾದ ಚೀನಾದ ಪ್ರವಾಸೋದ್ಯಮ ಕಾನೂನಿನ 35ನೆಯ ಕಲಮು ತೀರಾ ಕಡಿಮೆ ದರದ ಆಮಿಷ ಒಡ್ಡಿ, ಅಂಗಡಿಗಳ ಕಮಿಷನ್ನಿನಿಂದ ಲಾಭ ಮಾಡುವುದನ್ನು ನಿಷೇಧಿಸಿತು. ಕಾನೂನು ಇದೆಯೆಂದು ಕಣ್ಣು ಮುಚ್ಚಬೇಡಿ. ದರದಲ್ಲಿ ಏನೇನು ಸೇರಿದೆ, ಎಷ್ಟು ಅಂಗಡಿಗಳಿಗೆ ಹೋಗುತ್ತೀರಿ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ನಮ್ಮ ಊರಿನ ಪ್ಯಾಕೇಜ್ ಪ್ರವಾಸಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

ಯಾಂಗ್‌ಶುವೊದಿಂದ ಸ್ವಲ್ಪ ದೂರದಲ್ಲಿ ಚಂದ್ರಬೆಟ್ಟವಿದೆ. ಬೆಟ್ಟದ ನಡುವೆ ಗುಹೆಯೊಂದು ಕುಸಿದು ಉಳಿದ ಕಮಾನು ಹುಣ್ಣಿಮೆಯ ಚಂದ್ರನಂತೆ ಕಾಣುತ್ತದೆ. ಸುಮಾರು 800 ಮೆಟ್ಟಿಲು ಹತ್ತಬೇಕು. ಆ ಬೆಟ್ಟಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಅದರ ಬುಡದ ಹಳ್ಳಿಯ ಹೆಂಗಸರ ಕಥೆ. ಅವರು ಗದ್ದೆ ಕೆಲಸದ ಸಾಧಾರಣ ರೈತ ಮಹಿಳೆಯರು. ವಿದೇಶೀಯರು ಬರತೊಡಗಿದಾಗ ತಂಪು ಪಾನೀಯ ಮಾರುತ್ತಾ ಅವರ ಹಿಂದೆ ಮೆಟ್ಟಿಲು ಹತ್ತಿದರು. ಹತ್ತುತ್ತಾ ಹತ್ತುತ್ತಾ ಕಿವಿಗೆ ಬಿದ್ದ ಇಂಗ್ಲಿಷ್ ಕಲಿತರು. ಕೆಲವರು ಇತರ ಭಾಷೆಗಳನ್ನೂ ಕಲಿತರು. ನಡುವಯಸ್ಸು ದಾಟಿದ ಮೇಲೆ ತಾವೇ ಗೈಡ್‌ಗಳಾಗಿ ಪ್ರವಾಸಿಗರಿಗೆ ಬೆಟ್ಟ ತೋರಿಸಿದರು, ಮನೆಯಲ್ಲಿ ಊಟ ಹಾಕಿದರು, ಮಕ್ಕಳನ್ನು ಓದಿಸಿದರು. ದಿನವೂ ಕಣ್ಣೆದುರಿಗಿದ್ದ ಬೆಟ್ಟ ಅವರಿಗೆ ಅನ್ನ ಕೊಟ್ಟಿತು. ಕಲಿಯುವ ವಯಸ್ಸು ಮುಗಿಯಿತು ಎನ್ನುವ ಸಹೋದರಿಯರು ಇದನ್ನೊಮ್ಮೆ ಯೋಚಿಸಬೇಕು.

ಗೈಡ್ ಇರುವ ಪ್ರವಾಸದ ನಿಜವಾದ ಲಾಭ ಏನೆಂದರೆ, ದಾರಿ, ಹೊತ್ತು, ಟಿಕೆಟ್ ಎಲ್ಲವೂ ಆ ಒಂದು ದಿನದ ಮಟ್ಟಿಗೆ ಇನ್ನೊಬ್ಬರ ಹೊಣೆ. ಆದರೆ ಚಪ್ಪಲಿ ಎಣಿಸುವುದು, ಮಗುವಿನ ಬಾಯಿ ಒರೆಸುವುದು, ಅತ್ತೆಯ ಮಾತ್ರೆ ನೆನಪಿಡುವುದು ಗೈಡಿನ ಕೆಲಸವಲ್ಲ. ಅದನ್ನು ಮನೆಯವರೇ ಹಂಚಿಕೊಳ್ಳಬೇಕು. ಮಗುವನ್ನು ಅದರ ತಂದೆ ಎತ್ತಿಕೊಳ್ಳಲಿ. ದೊಡ್ಡ ಮಗ ಚೀಲ ಹೊರಲಿ. ಅತ್ತೆಯ ಪಕ್ಕ ಮಗಳು ಕೂರಲಿ. ನೀವು ಹಡಗಿನ ಮೇಲಟ್ಟಕ್ಕೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲಿ. 'ಅವಳಿಲ್ಲದೆ ನಡೆಯುವುದಿಲ್ಲ' ಎಂಬ ಹೊಗಳಿಕೆ ಕೇಳಲು ಹಿತ, ಆದರೆ ಅದೇ ಹೊಗಳಿಕೆ ನಿಮ್ಮನ್ನು ಎಷ್ಟು ಕಡೆ ಬಾಗಿಲ ಹಿಂದೆಯೇ ನಿಲ್ಲಿಸಿದೆ ಎಂದು ನೀವೇ ಲೆಕ್ಕ ಹಾಕಿ. ಸಹಾಯ ಕೇಳಲು ಸಂಕೋಚಪಡಬೇಡಿ. ಮನೆಯ ಗಂಡಸರಿಗೂ ಒಂದು ಮಾತು: ಹೆಂಡತಿಯನ್ನು ಕರೆದೊಯ್ದೆ ಎನ್ನುವುದಕ್ಕೂ ಅವಳಿಗೆ ನೋಡಲು ಬಿಟ್ಟೆ ಎನ್ನುವುದಕ್ಕೂ ಅಂತರವಿದೆ.

ಚೀನಾ ಎಲ್ಲಿ, ನಾವೆಲ್ಲಿ ಎಂದು ಪತ್ರಿಕೆ ಮಡಚಿಡಬೇಡಿ. ನೀರು ಸುಣ್ಣಕಲ್ಲನ್ನು ಕರಗಿಸಿ ನಿಲ್ಲಿಸಿದ ಬೆಟ್ಟಗಳು ನಮ್ಮ ಉತ್ತರ ಕನ್ನಡದಲ್ಲೂ ಇವೆ. ಕುಮಟಾ ಮತ್ತು ಶಿರಸಿ ನಡುವಿನ ಯಾಣದ ಕಪ್ಪು ಶಿಖರಗಳು ಅದೇ ಜಾತಿಯವು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಅಲ್ಲಿ ದೇವಸ್ಥಾನವಿದೆ, ಬಂದ ಭಕ್ತರಿಗೆ ತೊಂದರೆಯಾಗದಂತೆ, ಪ್ಲಾಸ್ಟಿಕ್ ಬಿಸಾಡದೆ ಬರುವುದು ನಮ್ಮ ಮರ್ಯಾದೆ. ಕಾಡಿನ ದಾರಿಯಲ್ಲಿ ನಡೆಯಬೇಕಾದ್ದರಿಂದ ಹೊರೆ ಕಡಿಮೆ ಇರಲಿ. ನಾಲ್ಕು ಬಾಳೆಹಣ್ಣು, ಎರಡು ಬಾಟಲಿ ನೀರು, ಒಂದು ಮುಸಲ್ಲಾ. ಬಿರಿಯಾನಿ ರಾತ್ರಿಗಾಯಿತು. ಅದನ್ನೂ ಆ ದಿನ ಹೋಟೆಲಿನಿಂದ ತರಿಸಿದರೆ ಇನ್ನೂ ಒಳ್ಳೆಯದು.